ಸ್ಪ್ಯಾಮಿಗೆ ಬಿದ್ದ ನಮಸ್ಕಾರಗಳು

ನನ್ನ ಬ್ಲಾಗಿನ ಒಳಪುಟದಲ್ಲಿ, ಹೊಸ ಲೇಖನ ಬರೆಯುವ ಗುಂಡಿಯ ಕೆಳಗೆ, ಕಂಸದೊಳಗೆ ಒಂದು ಅಂಕಿ ಕಾಣುತ್ತಿತ್ತು. ಫಿಲ್ಟರು ಇದುವರೆಗೆ ತಡೆದು ಪಕ್ಕಕ್ಕಿಟ್ಟ ಕಮೆಂಟುಗಳ ಒಟ್ಟು ಲೆಕ್ಕ ಅದು. ದಿನದಿನಕ್ಕೂ ಏರುತ್ತಿತ್ತು. ಏರಿದಷ್ಟೂ ನನಗೆ ಸಮಾಧಾನವಾಗುತ್ತಿತ್ತು. ಅಷ್ಟು ಹೊಲಸು ಮನೆಯೊಳಗೆ ಬರದೆ ಹೊಸ್ತಿಲಾಚೆಗೇ ನಿಂತಿತಲ್ಲ ಎಂದು. ಆ ಅಂಕಿಯ ಮೇಲೆ ಒತ್ತಿ, ಒಳಗೆ ನಿಜವಾಗಿ ಏನಿದೆ ಎಂದು ನಾನು ನೋಡಿದ್ದು ಎಷ್ಟೋ ತಿಂಗಳ ಮೇಲೆ. ನೋಡಿದ ಮೇಲೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ಲಾಗು ಮಕ್ಕಳ ಫಿಟ್ಸಿನ ಕುರಿತದ್ದು. ನಮ್ಮ ಮಗಳಿಗೆ ಸಾಲಿಗೆ ಹೆಸರು ಹಚ್ಚುವ ಮೊದಲೇ ಫಿಟ್ಸ್ ಶುರುವಾಗಿತ್ತು. ಅವಳನ್ನು ಧಾರವಾಡದಿಂದ ಹುಬ್ಬಳ್ಳಿಯ ನರರೋಗದ ಡಾಕ್ಟರರ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ಒಂದು ಖಾಯಂ ಕೆಲಸವಾಗಿತ್ತು. ಅಲ್ಲಿ ಕಟ್ಟಿಗೆಯ ಉದ್ದ ಬಾಕಿನ ಮೇಲೆ ಕೂತ ತಾಯಂದಿರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳು ಪ್ರತಿ ಸಲವೂ ಅವೇ. ಫಿಟ್ಸ್ ಬಂದಾಗ ಕೈಯಲ್ಲಿ ಕಬ್ಬಿಣ ಹಿಡಿಸಬೇಕೋ ಬೇಡವೋ, ಸಾಲಿಯಲ್ಲಿ ಹೇಳಬೇಕೋ ಮುಚ್ಚಿಡಬೇಕೋ, ಹೆಣ್ಣು ಹುಡುಗಿ, ಮುಂದೆ ಹೇಗೆ. ಇಂಗ್ಲಿಷಿನಲ್ಲಿ ಇದರ ಬಗ್ಗೆ ಬೇಕಾದಷ್ಟಿತ್ತು. ಕಾನ್ವೆಂಟಿನಲ್ಲಿ ಓದಿದ್ದರಿಂದ ನನಗೆ ಅದು ಸಿಕ್ಕಿತು, ಬಾಕಿನ ಮೇಲಿನವರಿಗೆ ಸಿಗಲಿಲ್ಲ. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮರುವರ್ಷ ನಾನು ಕನ್ನಡದಲ್ಲಿ ಬರೆಯತೊಡಗಿದೆ. ಬರೆದದ್ದನ್ನು ಡಾಕ್ಟರರಿಗೆ ತೋರಿಸಿ, ಅವರು ಹೂಂ ಅಂದಮೇಲೆ ಬ್ಲಾಗಿಗೆ ಹಾಕುತ್ತಿದ್ದೆ. ಗುಳಿಗೆ ಹೆಚ್ಚು ಮಾಡಿರಿ, ಕಡಿಮೆ ಮಾಡಿರಿ ಎಂದು ನಾನಾಗಿ ಎಂದೂ ಬರೆದವಳಲ್ಲ. ಬ್ಲಾಗಿನ ವಿಳಾಸ ಬರೆದ ಚೀಟಿಗಳನ್ನು ಕ್ಲಿನಿಕ್ಕಿನ ನರ್ಸಬಾಯಿಯ ಮೇಜಿನ ಮೇಲೆ, ಅವರ ಸೂಜಿಯ ಟ್ರೇ ಪಕ್ಕದಲ್ಲಿ, ಇಟ್ಟು ಬರುತ್ತಿದ್ದೆ.

ಮೊದಲ ಕೆಲವು ತಿಂಗಳು ಕಮೆಂಟು ಬಂದರೆ ಹಬ್ಬ. ಆಮೇಲೆ ಹೊಲಸು ಶುರುವಾಯಿತು. ಒಂದು ಮಧ್ಯಾಹ್ನ ನಾನು ಒಳಗೆ ಚುರಮುರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಲಿಯಿಂದ ಬಂದ ಮಗಳು ಚೀಲ ಕೂಡ ಇಳಿಸದೆ ಕಂಪ್ಯೂಟರಿನ ಮುಂದೆ ನಿಂತು, ಹೊಸದಾಗಿ ಕಲಿತ ಇಂಗ್ಲಿಷನ್ನು ಕೂಡಿಸಿ ಓದಿದಳು.

“ಅಮ್ಮಾ, ಎನ್‌ಲಾರ್ಜ್ ಅಂದ್ರ ದೊಡ್ಡದು ಮಾಡೂದಲ್ಲಾ? ಇವರು ಏನ ದೊಡ್ಡದು ಮಾಡ್ತಾರ?”

ನಾನು ಸೌಟು ಹಿಡಿದೇ ಓಡಿ ಬಂದು ಪರದೆ ಆರಿಸಿದೆ. ಗಂಡಸರ ಗುಳಿಗೆಗಳ ಜಾಹೀರಾತು, ಅದರ ಕೆಳಗೆ ಹೆಣ್ಣುಮಕ್ಕಳ ಚಿತ್ರಗಳಿಗೆ ಕೊಂಡಿಗಳು. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸನ್ಯಾಸಿನಿ, ಶಬ್ದಕೋಶದಲ್ಲಿದೆ ಎಂದ ಮಾತ್ರಕ್ಕೆ ಎಲ್ಲ ಶಬ್ದವೂ ನಿಮಗಲ್ಲ ಎನ್ನುತ್ತಿದ್ದರು. ಆ ಶಬ್ದಗಳೆಲ್ಲ ಈಗ ಮಕ್ಕಳ ಕಾಯಿಲೆಯ ಲೇಖನದ ಕೆಳಗೆ ಸಾಲಾಗಿ ನಿಂತಿದ್ದವು. ಅಂದು ಸಂಜೆಯೇ ಫಿಲ್ಟರು ಹಾಕಿದೆ. ಅದು ಸಂಶಯ ಬಂದ ಕಮೆಂಟನ್ನು ನನಗೆ ಕೇಳದೆಯೇ ಸ್ಪ್ಯಾಮ್ ಪೆಟ್ಟಿಗೆಗೆ ನೂಕುತ್ತದೆ, ಹದಿನೈದು ದಿನ ಇಟ್ಟುಕೊಳ್ಳುತ್ತದೆ, ಆಮೇಲೆ ತಾನೇ ಅಳಿಸುತ್ತದೆ. ಮನೆ ಸ್ವಚ್ಛವಾಯಿತು. ಕಮೆಂಟುಗಳೇ ಬರದಂತಾದವು. ನಮ್ಮ ಕಡೆಯ ಮಂದಿಗೆ ನಾಚಿಕೆ, ಬರೆಯುವುದಿಲ್ಲ ಎಂದುಕೊಂಡು ಸುಮ್ಮನಾದೆ.

ಒಂದು ಶನಿವಾರ ಮಗಳನ್ನು ತೋರಿಸಲು ಹೋದಾಗ ನರ್ಸಬಾಯಿ ನನ್ನನ್ನು ಔಷಧದ ಕಪಾಟಿನ ಮರೆಗೆ ಕರೆದರು.

“ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಮಂದಿಗೆ ಉತ್ರಾ ಕೊಡೂದು ಬಿಟ್ಟೀರೇನು?”

“ಯಾವ ಮಂದಿಗೆ?”

“ಇಲ್ಲಿ ಬರೂ ಮಂದಿಗ್ರಿ. ನಿಮ್ಮ ಚೀಟಿ ತೊಗೊಂಡು ಹಿಂದಿನ ಓಣ್ಯಾಗ ಆಪಾನ ಝೆರಾಕ್ಸ್ ಅಂಗಡಿಗೆ ಹೋಗ್ತಾರ. ಆಕಿ ಓದಿ ಹೇಳ್ತಾಳ, ಇವರು ಹೇಳಿದ್ದು ನಿಮಗ ಟೈಪ್ ಮಾಡ್ತಾಳ. ಮತ್ತ ಬಂದಾಗ ನನ್ನ ಮುಂದ ಅಂತಾರ, ಆ ಬಾಯಾರು ದೊಡ್ಡ ಮನ್ಶಾರು, ನಮ್ಮ ಸುದ್ದಿ ಯಾಕ ಓದ್ತಾರ ಅಂತ.”

“ನನಗ ಒಂದೂ ಬಂದಿಲ್ಲಲ್ಲ.”

“ಹಂಗಾರ ಎಲ್ಲಿ ಹೋದೂ? ನಡುದಾರ್ಯಾಗ ನವನಗರದಾಗ ಬಸ್ಸು ಇಳದು ಹೋದುವೇನು?”

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ನನ್ನ ತಲೆಯಲ್ಲಿ ಆ ಕಂಸದೊಳಗಿನ ಅಂಕಿ ಕೂತಿತ್ತು.

ಮನೆಗೆ ಬಂದವಳೇ, ನಾನೇ ಹೆಣೆದ ಕ್ರೋಶಾದ ಹೊದಿಕೆ ಸರಿಸಿ ಕಂಪ್ಯೂಟರ್ ಚಾಲೂ ಮಾಡಿದೆ. ಪೆಟ್ಟಿಗೆ ತೆರೆಯಿತು. ಕೈಗಡಿಯಾರ, ಜೂಜು, ಗುಳಿಗೆ, ಮತ್ತೆ ಗುಳಿಗೆ, ಯಾವ ಭಾಷೆಯೆಂದು ತಿಳಿಯದ ಅಕ್ಷರಗಳು. ಒಂದೊಂದು ಪುಟ ಬರಲೂ ಕಾಯಬೇಕು. ನಾಲ್ಕನೆಯದೋ ಐದನೆಯದೋ ಪುಟದ ನಡುವೆ ಕನ್ನಡ ಕಂಡಿತು.

“ಅಕ್ಕಾವರ ಚರಣಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅತ್ತ ತಮ್ಮೆಲ್ಲರ ಕ್ಷೇಮಕ್ಕೆ ಉತ್ತರ ಬರೆಯುತ್ತಿರಬೇಕು. ತರುವಾಯ,”

ತರುವಾಯ, ಮಗನಿಗೆ ಗುಳಿಗೆ ಶುರುವಾದಾಗಿನಿಂದ ಸಾಲಿಯಲ್ಲಿ ನಿದ್ದೆ ಮಾಡುತ್ತಾನೆ, ಮಾಸ್ತರರು ಹೊಡೆಯುತ್ತಾರೆ, ಅವರಿಗೆ ಏನು ಹೇಳಲಿ ಎಂದಿತ್ತು. ಇನ್ನೆರಡು ಪುಟದಾಚೆ ಮತ್ತದೇ ನಮಸ್ಕಾರ, ಅದೇ ಕ್ಷೇಮ, ಅದೇ ತರುವಾಯ. ಈ ಸಲ ಒಬ್ಬ ಅಜ್ಜಿ, ಮೊಮ್ಮಗಳಿಗೆ ಫಿಟ್ಸ್ ಬಂದಾಗ ನಾಲಿಗೆ ಕಚ್ಚದಂತೆ ಬಾಯಲ್ಲಿ ಚಮಚ ಇಡುತ್ತೇವೆ, ಸರಿಯೇ ಎಂದು ಕೇಳಿದ್ದಳು. ಸರಿಯಲ್ಲ, ಅದನ್ನು ನಾನು ಒಂದು ಲೇಖನದಲ್ಲಿ ಬರೆದೂ ಇದ್ದೆ. ಒಂದೊಂದಕ್ಕೂ ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿ, ಕೆಳಗೆ ಚಿಕ್ಕದೊಂದು ಉತ್ತರ ಬರೆಯುತ್ತ ಹೋದೆ. ಗುಳಿಗೆಯ ಹೆಸರನ್ನು ಅದರ ಬೆಳ್ಳಿಹಾಳೆಯ ಪಟ್ಟಿಯ ಮೇಲೆ ಅಚ್ಚಾದ ಹಾಗೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದಿದ್ದರು. ಫಿಲ್ಟರಿಗೆ ಗುಳಿಗೆ ಎಂದರೆ ಗುಳಿಗೆ. ಮಗುವಿನದೋ ಗಂಡಸರದೋ ಅದಕ್ಕೇನು ಗೊತ್ತು.

ಕೊನೆಯ ಪುಟಗಳಲ್ಲಿ ಒಂದು ಸಿಕ್ಕಿತು. ಬಂದು ಹತ್ತು ದಿನವಾಗಿತ್ತು.

“ತರುವಾಯ, ನಾನು ಧಾರವಾಡ ತಾಲೂಕಿನ ಹೆಬ್ಬಳ್ಳಿಯ ಒಬ್ಬ ತಾಯಿ. ಮೊದಲು ಒಂದು ಸಲ ಬರೆಸಿದ್ದೆ, ಉತ್ತರ ಬರಲಿಲ್ಲ. ಮಗಳಿಗೆ ಆರು ವರ್ಷ. ಗುಳಿಗೆ ಶುರು ಮಾಡಿದ ಮೇಲೆ ಫಿಟ್ಸ್ ಬಂದಿಲ್ಲ. ಆರಾಮ ಇದ್ದ ಹುಡುಗಿಗೆ ಗುಳಿಗೆ ಯಾಕೆ, ಬಿಡಿಸು ಅಂತ ಅತ್ತೆಯವರು ಅನ್ನುತ್ತಾರೆ. ಒಮ್ಮೆಲೇ ಬಿಡಿಸಿದರೆ ನಡೆಯುತ್ತದೋ ಹೇಗೆ, ತಿಳಿಸಬೇಕು. ಈ ವಾರಕ್ಕೆ ಗುಳಿಗೆ ತೀರುತ್ತವೆ.”

ಫಿಟ್ಸಿನ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬಂದು, ಬಂದದ್ದು ನಿಲ್ಲದೇ ಹೋಗಬಹುದು. ಕ್ಲಿನಿಕ್ಕಿನಲ್ಲಿ ಡಾಕ್ಟರು ನಮಗೆ ಮೊದಲ ದಿನ ಹೇಳಿದ್ದೇ ಅದನ್ನು. ಅವಳ ಮೊದಲ ಕಮೆಂಟು ಹುಡುಕಿದೆ, ಅಳಿಸಿ ಹೋಗಿತ್ತು. ಇದರ ಕೆಳಗೆ, “ಗುಳಿಗೆ ನಿಲ್ಲಿಸಬೇಡಿ, ಇಂದೇ ಡಾಕ್ಟರರ ಹತ್ತಿರ ಹೋಗಿ” ಎಂದು ಉತ್ತರ ಬರೆದೆ. ಬರೆದಾದ ಮೇಲೆ, ಇದನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆ ಬಂತು. ಹೆಬ್ಬಳ್ಳಿಯಲ್ಲಿ ಆ ತಾಯಿ ಒಲೆಯ ಮುಂದೆ ಕೂತಿರುತ್ತಾಳೆ, ಕಂಪ್ಯೂಟರಿನ ಮುಂದಲ್ಲ. ಹೆಸರು ಬರೆದಿರಲಿಲ್ಲ, ಊರಿಗೇ ಹೋದರೂ ಯಾರ ಮನೆಯೆಂದು ಕೇಳುವುದು.

ಕಮೆಂಟಿನ ಕೊನೆಗಿದ್ದ ಫೋನ್ ನಂಬರಿಗೆ ಹಚ್ಚಿದೆ, ಯಾರೂ ಎತ್ತಲಿಲ್ಲ. ಕ್ಲಿನಿಕ್ಕಿಗೆ ಹಚ್ಚಿದರೆ ಅಲ್ಲೂ ಬರೀ ರಿಂಗು. ಶನಿವಾರ ಸಂಜೆ ಮುಚ್ಚಿದರೆ ಇನ್ನು ಸೋಮವಾರವೇ. ಪೆಟ್ಟಿಗೆಯಲ್ಲಿ ಪ್ರತಿ ಕಮೆಂಟಿನ ಪಕ್ಕದಲ್ಲೂ ಅದು ಬಂದ ಜಾಗದ ಐಪಿ ಸಂಖ್ಯೆ ತೋರಿಸುತ್ತದೆ. ಕನ್ನಡದ್ದಕ್ಕೆಲ್ಲ ಒಂದೇ ಸಂಖ್ಯೆ ಇತ್ತು. ನರ್ಸಬಾಯಿ ಹೇಳಿದ ಆಪಾನ ಅಂಗಡಿಯೇ ಅದು.

ರವಿವಾರ ಬೆಳಿಗ್ಗೆ ನಮ್ಮವರಿಗೆ ಮಗಳನ್ನು ಒಪ್ಪಿಸಿ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಎರಡು ಸೈಕಲ್ಲು ಎದುರಾದರೆ ಒಂದು ಇಳಿಯಬೇಕು. ತವರದ ಡಬ್ಬಿಗೆ ಬೆಸುಗೆ ಹಾಕುವವನ ಪಕ್ಕದಲ್ಲಿ, ಝೆರಾಕ್ಸ್ ಯಂತ್ರದ ಹಿಂದೆ, ಒಂದೇ ಕಂಪ್ಯೂಟರಿಟ್ಟುಕೊಂಡು ನಡುವಯಸ್ಸಿನ ಹೆಂಗಸು ಕೂತಿದ್ದರು. ತಲೆಯ ಮೇಲಿನ ಸೆರಗಿಗೆ ಪಿನ್ನು, ಕೀಲಿಮಣೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರಲ್ಲಿ ‘ಅ’ ಮತ್ತು ‘ಕ’ ಇರುವ ಜಾಗ ಮಾತ್ರ ಸವೆದು ಮಸಕಾಗಿತ್ತು. ಓಣಿಯವರು ಅಕ್ಕ ಎಂಬ ಅರ್ಥದಲ್ಲಿ ಕರೆಯುವಂತೆ ನಾನೂ ಆಪಾ ಎಂದೇ ಮಾತಾಡಿಸಿ ನಾನು ಯಾರೆಂದು ಹೇಳಿದೆ.

ಅವರು ನನ್ನ ಚಪ್ಪಲಿಯಿಂದ ಕನ್ನಡಕದ ತನಕ ನೋಡಿದರು.

“ಬರ್ರಿ ಬರ್ರಿ, ಕೂಡ್ರಿ. ಬ್ಲಾಗಿನ ಅಕ್ಕಾರು ನೀವೇನು? ಒಂದು ಸಾಲು ಉತ್ರಾ ಬರೀರಿ ಅಂದ್ರ ಖುದ್ದ ಬಸ್ಸು ಹತ್ತಿ ಬಂದ್ರಿ. ಎಷ್ಟ ತ್ರಾಸಾತು.”

“ನಿಮ್ಮವು ನನಗ ಮುಟ್ಟೇ ಇಲ್ಲ ಆಪಾ. ನಿನ್ನೆ ನೋಡೀನಿ.”

“ಮುಟ್ಟಿಲ್ಲ ಅಂದ್ರ ಹ್ಯಾಂಗ್ರಿ? ನಾ ಕಳಸೇನಿ, ಹೋಗೇತಿ. ಒಂದರ ವಾಪಸ್ ಬಂದೇತೇನು?”

ಫಿಲ್ಟರು, ಸ್ಪ್ಯಾಮು, ಎಲ್ಲ ಬಿಡಿಸಿ ಹೇಳಿದೆ. ಪ್ರತಿ ಕಮೆಂಟಿನ ಮೊದಲ ಸಾಲುಗಳು ಒಂದೇ ಯಾಕಿವೆ ಎಂದು ಕೇಳಿದೆ. ಅವರು ಪರದೆಯ ಮೇಲಿದ್ದ ಒಂದು ಕಡತ ತೆರೆದು ತೋರಿಸಿದರು. ಅದರಲ್ಲಿ ಮೇಲಿನ ನಮಸ್ಕಾರ, ಕೆಳಗಿನ ‘ಇಂತಿ ತಮ್ಮ ಆಶೀರ್ವಾದ ಬೇಡುವ’ ಇಷ್ಟೇ ಇತ್ತು. ಯಾರು ಬಂದರೂ ಅದನ್ನು ಅಂಟಿಸಿ ನಡುವೆ ಅವರ ಮಾತು ತುಂಬುವುದು.

“ನಮ್ಮ ಅಬ್ಬಾ ಪೋಸ್ಟಾಫೀಸಿನ ಕಟ್ಟಿ ಮ್ಯಾಲೆ ಕೂತು ಮಂದಿ ಪತ್ರಾ ಬರೀತಿದ್ರು. ಅವರ ಒಕ್ಕಣಿಕಿ ಇದು. ಕ್ಷೇಮ ಇಲ್ಲದ ಪತ್ರಾ ಕಂಡ್ರ ಮಂದಿ ಎದಿ ಧಸಕ್ ಅಂತೈತಿ, ಯಾರೋ ಹೋದ್ರು ಅಂತ ತಿಳೀತಾರ, ಕ್ಷೇಮ ಬರದ ಮ್ಯಾಲೆ ಸುದ್ದಿ ಬರಿ ಅಂತಿದ್ರು. ನಮಸ್ಕಾರ ಬಿಟ್ಟು ಸೀದಾ ಗುಳಿಗಿ ಅಂತ ಬರಿಯಾಕ ನಾವೇನು ಶಬ್ದಕ್ಕ ರೊಕ್ಕಾ ಎಣಿಸಿ ತಾರ ಕೊಡಾಕತ್ತೇವೇನ್ರಿ?”

ಒಂದೇ ಜಾಗದಿಂದ, ಒಂದೇ ಒಕ್ಕಣೆಯಲ್ಲಿ, ಒಳಗೆ ಗುಳಿಗೆಯ ಹೆಸರು, ಕೊನೆಗೆ ಅಂಗಡಿಯ ಫೋನ್ ನಂಬರು. ಹೊಲಸು ಕಳಿಸುವವರು ಮಾಡುವುದೂ ಹೀಗೇ. ಫಿಲ್ಟರಿನ ಕಣ್ಣಿಗೆ ಅವರಿಗೂ ಆಪಾನಿಗೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹೇಳಿದಾಗ ಅವರು ಮೊದಲು ನಕ್ಕರು. “ಅಬ್ಬಾನ ನಮಸ್ಕಾರಕ್ಕ ಅಮೇರಿಕಾದ ಮಶೀನು ಹೆದರತಂತ,” ಎಂದು ಬೆಸುಗೆಯವನಿಗೂ ಕೂಗಿ ಹೇಳಿದರು. ನಾನು ಹೆಬ್ಬಳ್ಳಿಯ ತಾಯಿಯ ವಿಷಯ ತೆಗೆದ ಮೇಲೆ ನಗು ನಿಂತಿತು.

“ಆಕಿ ಗೊತ್ತದಾಳ್ರಿ. ಎರಡ ಸಲ ಬಂದಿದ್ಲು. ಹುಡುಗಿ ಇಲ್ಲೇ ಈ ಸ್ಟೂಲ್ ಮ್ಯಾಲೆ ಕೂತು ಝೆರಾಕ್ಸಿನ ದೀಪಾ ಓಡೂದು ನೋಡಿ ನಗತಿತ್ತು. ಆಕಿ ತವರಮನಿ ಇಲ್ಲೇ ಐತಿ, ಎರಡ ಓಣಿ ಆಚಿಗೆ. ಏಳ್ರಿ.”

ಅವರು ಅಂಗಡಿಯನ್ನು ಬೆಸುಗೆಯವನಿಗೆ ನೋಡಿಕೊಳ್ಳಲು ಹೇಳಿ ಮುಂದೆ ನಡೆದರು. ತವರುಮನೆಗೆ ಬೀಗ ಬಿದ್ದಿತ್ತು. ಬಾಗಿಲಿಗೆ ಹಾಕಿದ್ದ ರಂಗೋಲಿ ಹಳೆಯದು, ಮೇಲೆ ಕೋಳಿ ಓಡಾಡಿ ಚದುರಿತ್ತು. ಎದುರು ಮನೆಯ ಕಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿ ತಲೆಯೆತ್ತದೆ ಹೇಳಿದಳು.

“ಎಲ್ಲಾರೂ ದೊಡ್ಡ ದವಾಖಾನ್ಯಾಗ ಅದಾರವಾ. ಮಗಳ ಕೂಸಿಗೆ ಫಿಟ್ಸ್ ಬಂದು ನಿಂದರವಲ್ದಂತ. ಶುಕ್ರವಾರ ನಸಿಕಿನ್ಯಾಗ ಹೆಬ್ಬಳ್ಳಿಯಿಂದ ಟೆಂಪೋದಾಗ ಹಾಕ್ಕೊಂಡು ಬಂದ್ರು.”

ದವಾಖಾನೆಗೆ ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದೆವು.

ಮಕ್ಕಳ ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಆ ತಾಯಿ ಗೋಡೆಗೆ ಒರಗಿ ಕೂತಿದ್ದಳು. ನನಗಿಂತ ಎಷ್ಟೋ ಚಿಕ್ಕವಳು. ಮಡಿಲಲ್ಲಿ ಮಗುವಿನ ಫ್ರಾಕು ಇತ್ತು, ಅದರ ಹುಕ್ಕನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದಳು. ಹುಡುಗಿ ಒಳಗಿದ್ದಳು. ಫಿಟ್ಸ್ ನಿಂತಿತ್ತು, ಎಚ್ಚರ ಬಂದಿರಲಿಲ್ಲ. ಆಪಾ ಹತ್ತಿರ ಕುಕ್ಕರಗಾಲಲ್ಲಿ ಕೂತು ನಾನು ಯಾರೆಂದು ಹೇಳಿದರು. ಅವಳು ಎದ್ದು ನಿಲ್ಲಲು ಹೋದಳು. ನಾನು ಭುಜ ಹಿಡಿದು ಕೂಡಿಸಿ ಪಕ್ಕದಲ್ಲಿ ಕೂತೆ.

“ನೀವ ಏನ್ರಿ ಅಕ್ಕಾರು,” ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಎರಡ ಸಲ ಬರಸಿದ್ನಿರಿ.”

“ನನಗ ಮುಟ್ಟಲಿಲ್ಲವಾ.”

“ಹಂಗೇನ್ರಿ. ನಾವು ಹಂಗ ತಿಳೀಲಿಲ್ರಿ. ಮುಟ್ಟದಿದ್ರ ಪತ್ರಾ ವಾಪಸ್ ಬರತೈತಲ್ರಿ. ಇದು ವಾಪಸ್ ಬರಲಿಲ್ಲ. ಅಂದ್ರ ಮುಟ್ಟೇತಿ, ಅಕ್ಕಾರು ಓದ್ಯಾರ. ಬಿಡಿಸೂದು ತಪ್ಪಿದ್ರ ಬ್ಯಾಡ ಅಂತ ಬರೀತಿದ್ರಲ್ಲ, ಏನೂ ಅಂದಿಲ್ಲ ಅಂದ್ರ ನಡೀತೈತಿ ಅಂತ ಅರ್ಥ ಅಂದ್ರು ನಮ್ಮ ಅತ್ತಿ. ನನಗೂ ಖರೇ ಅನಸಿತ್ರಿ.”

ಹಿರಿಯರನ್ನು ಒಂದು ಮಾತು ಕೇಳಿ, ಅವರು ಬೇಡ ಅನ್ನದಿದ್ದರೆ ಮಾಡುವುದು. ನಮ್ಮ ಮನೆಯಲ್ಲೂ ಹಾಗೇ. ನನ್ನ ಮದುವೆಯೂ ನನ್ನ ಅಜ್ಜ ಏನೂ ಅನ್ನಲಿಲ್ಲ ಎಂಬುದರ ಮೇಲೆಯೇ ನಿಶ್ಚಯವಾದದ್ದು. ಅವಳು ತಿಳಿದ ರೀತಿಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಧಾರವಾಡದ ನನ್ನ ಮನೆಗೂ ಹೆಬ್ಬಳ್ಳಿಯ ಅವಳ ಮನೆಗೂ ನಡುವೆ ನಿಂತ ಯಂತ್ರಕ್ಕೆ ಮಾತ್ರ ಅದು ಗೊತ್ತಿರಲಿಲ್ಲ.

ಸಂಜೆಯ ತನಕ ಅಲ್ಲೇ ಕೂತಿದ್ದೆವು. ಆಪಾ ಹೊರಗೆ ಹೋಗಿ ಚಹಾ ತಂದರು. ಆ ತಾಯಿ ಲೋಟವನ್ನು ಕೈಯಲ್ಲಿ ಹಿಡಿದೇ ಇದ್ದಳು, ಚಹಾ ಕೆನೆಗಟ್ಟಿತು.

ಆ ವಾರ ಮಗಳನ್ನು ಸಾಲಿಗೆ ಕಳಿಸಿ ದಿನಾ ಹುಬ್ಬಳ್ಳಿಗೆ ಹೋದೆ. ಮೊದಲು ದವಾಖಾನೆ, ಆಮೇಲೆ ಆಪಾನ ಅಂಗಡಿ. ಫಿಲ್ಟರು ಇನ್ನು ಮುಂದೆ ಹೀಗೆ ಮಾಡದಂತೆ ಏನಾದರೂ ದಾರಿ ಇರಬೇಕು ಎಂದು ನನ್ನ ನಂಬಿಕೆ. ಯಂತ್ರ ತಪ್ಪು ಕಲಿತಿದ್ದರೆ ಸರಿ ಕಲಿಸಬಹುದಲ್ಲ.

ಮೊದಲು ಗುಳಿಗೆಯ ಹೆಸರು ತೆಗೆದು ಬರೆಸಿದೆವು. ಸ್ಪ್ಯಾಮಿಗೇ ಬಿತ್ತು. ಫೋನ್ ನಂಬರು ತೆಗೆದೆವು. ಬಿತ್ತು. ಆಪಾ ಮುಖ ಗಂಟಿಕ್ಕಿಕೊಂಡು ನಮಸ್ಕಾರವನ್ನೂ ತೆಗೆದರು. “ಬೆತ್ತಲಿ ಪತ್ರಾ,” ಎಂದು ಗೊಣಗಿ, ಬರೀ ‘ಮಗು ಆರಾಮ ಇದೆ’ ಎಂದು ಟೈಪ್ ಮಾಡಿ ಕಳಿಸಿದರು. ಅದೂ ಬಿತ್ತು. ಆ ಅಂಗಡಿಯ ಐಪಿ ಸಂಖ್ಯೆಯೇ ಕೆಟ್ಟದೆಂದು ಫಿಲ್ಟರು ಬರೆದುಕೊಂಡಾಗಿತ್ತು. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರೆ ಅವನು ಒಂದು ತಾಸು ಅದರ ಮುಂದೆ ಕೂತು, ಒಳಗೆ ವೈರಸ್ಸಿದೆ, ನಿಮಗೆ ಗೊತ್ತಾಗದ ಹಾಗೆ ಅದು ಊರಿಗೆಲ್ಲ ಜಾಹೀರಾತು ಕಳಿಸುತ್ತಿದೆ ಎಂದ.

“ಎಂಥಾ ಜಾಹೀರಾತು?” ಎಂದರು ಆಪಾ.

ಅವನು ನನ್ನ ಕಡೆ ನೋಡಿ, ನೆಲ ನೋಡಿ, “ಗುಳಿಗೀವು ಆಪಾ,” ಎಂದ.

ವೈರಸ್ಸು ತೆಗೆಸಿದೆವು. ಸಂಖ್ಯೆಯ ಮೇಲಿನ ಕಲೆ ಹೋಗಲಿಲ್ಲ. ನಾನು ಮನೆಗೆ ಬಂದು ನನ್ನ ಕಂಪ್ಯೂಟರಿನಿಂದ, ಬೇರೊಂದು ಹೆಸರಿನಲ್ಲಿ, ಆಪಾನ ನಮಸ್ಕಾರವನ್ನಷ್ಟೇ ನನ್ನದೇ ಬ್ಲಾಗಿಗೆ ಬರೆದೆ. ಅದನ್ನೂ ತಡೆಯಿತು. ‘ಇತ್ತ ಎಲ್ಲರೂ ಕ್ಷೇಮ’ ಎಂಬುದನ್ನು ಅದು ಹೊಲಸೆಂದು ಕಲಿತಿತ್ತು. ದಿನಕ್ಕೆ ಹತ್ತು ಸಲ ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿದರೂ ಮರುದಿನ ಮತ್ತೆ ಅದೇ. ಫಿಲ್ಟರು ನಡೆಸುವವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ವಿಷಯ, ವಿನಂತಿ, ಮುಂಗಡ ಕೃತಜ್ಞತೆ ಎಲ್ಲ ಹಾಕಿ, ಒಂದು ಮಗುವಿನ ಸಂಗತಿಯನ್ನೂ ಬರೆದೆ. ನಿಮ್ಮ ಸಂದೇಶ ನಮಗೆ ಮುಖ್ಯ ಎಂಬ ಸಿದ್ಧ ಉತ್ತರ ಕ್ಷಣದಲ್ಲಿ ಬಂತು. ಆಮೇಲೆ ಏನೂ ಬರಲಿಲ್ಲ. ಕಾದೆ. ಏನೂ ಅನ್ನಲಿಲ್ಲ ಎಂದರೆ ಏನರ್ಥ ಎಂದು ಈಗ ನಾನು ಕೇಳಿಕೊಳ್ಳುತ್ತ ಕೂತೆ.

ಅಷ್ಟರಲ್ಲಿ ಹೆಬ್ಬಳ್ಳಿಯ ಹುಡುಗಿಗೆ ಎಚ್ಚರ ಬಂತು. ಕಣ್ಣು ತೆರೆಯಿತು, ಹಾಲು ಕುಡಿಯಿತು. ಅವ್ವನನ್ನು ಗುರುತು ಹಿಡಿದ ಹಾಗಿತ್ತು, ಹಿಡಿಯದ ಹಾಗೂ ಇತ್ತು. ಮಾತು ಬರಲಿಲ್ಲ. ಬಲಗೈ ಎತ್ತಲಿಲ್ಲ. ನಮ್ಮ ಡಾಕ್ಟರು ತಾವೇ ಬಂದು ನೋಡಿದರು. ಹೊರಗೆ ಬಂದು, ಸ್ವಲ್ಪ ಮರಳಬಹುದು, ಎಷ್ಟು ಎಂದು ಈಗಲೇ ಹೇಳಲಾಗದು ಎಂದರು. ನನ್ನ ಕಡೆ ತಿರುಗಿ, “ನಿಮ್ಮ ಕಮೆಂಟಿನ ವ್ಯವಸ್ಥೆ ಬಂದ್ ಮಾಡಿಬಿಡ್ರಿ. ಲೇಖನ ಇರಲಿ, ಸಾಕು. ಪ್ರಶ್ನೆ ತೊಗೊಳ್ಳೋ ಬಾಗಿಲು ಇಟ್ಟರ ಉತ್ತರದ ಜವಾಬ್ದಾರಿ ಬರತದ,” ಎಂದರು. ಅವರ ಮಾತು ಸರಿಯಾಗಿತ್ತು. ಬಂದ್ ಮಾಡಬೇಕೆಂದೇ ಆ ಸಂಜೆ ಮನೆಗೆ ಬಂದೆ.

ಬಂದ್ ಮಾಡುವ ಗುಂಡಿ ಎಲ್ಲಿದೆ ಎಂದು ನೋಡುವಾಗ ಪೆಟ್ಟಿಗೆಯಲ್ಲಿ ಹೊಸದೊಂದು ಕನ್ನಡ ಕಮೆಂಟು ಬಿದ್ದಿತ್ತು. ಚಮಚದ ಅಜ್ಜಿಯದು. ನನ್ನ ಉತ್ತರವನ್ನು ಆಪಾ ಓದಿ ಹೇಳಿದ್ದರಂತೆ. ‘ಈಗ ಚಮಚ ಇಡುವುದಿಲ್ಲ, ಒಂದು ಮಗ್ಗಲಾಗಿ ಮಲಗಿಸುತ್ತೇವೆ, ಮೊನ್ನೆ ಬಂದಾಗ ಹಾಗೇ ಮಾಡಿದೆವು, ಹಲ್ಲು ಮುರಿಯಲಿಲ್ಲ’ ಎಂದಿತ್ತು. ನಾನು ಬಂದ್ ಮಾಡಲಿಲ್ಲ. ಬದಲಿಗೆ ಫಿಲ್ಟರನ್ನು ತೆಗೆದೆ. ಎಲ್ಲ ಕಮೆಂಟೂ ಮೊದಲು ನನ್ನ ಹತ್ತಿರ ಬಂದು ನಿಲ್ಲಬೇಕು, ನಾನು ಓದಿ ಬಿಟ್ಟರೆ ಮಾತ್ರ ಬ್ಲಾಗಿನಲ್ಲಿ ಕಾಣಬೇಕು, ಹಾಗೆ ಮಾಡಿದೆ.

ನಮ್ಮವರು ಲಕಮನಹಳ್ಳಿಯ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಅವರಿಗೆ ಹೇಳಿದೆ.

“ಅಂದ್ರ ದಿನಾ ಆ ಎಲ್ಲಾ ಹೊಲಸು ನೀನ ಕೂತು ಓದಾಕಿ?”

“ಓದದೆ ಹ್ಯಾಂಗ ಗೊತ್ತಾಗಬೇಕ್ರಿ, ಯಾವುದರ ನಡುವ ಯಾರು ಕೂತಾರ ಅಂತ?”

“ಎಷ್ಟು ದಿನ ಓದ್ತಿ?”

“ಗೊತ್ತಿಲ್ಲ.”

ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡರು. “ನಿಮ್ಮ ಕಾನ್ವೆಂಟಿನವರು ಇದಕ್ಕ ಇಂಗ್ಲಿಷ್ ಕಲಿಸಿದ್ರೇನು,” ಎಂದು ಒಳಗೆ ಹೋದರು. ಮರುದಿನ ಕಂಪ್ಯೂಟರಿನ ಮೇಜನ್ನು ಪಡಸಾಲೆಯಿಂದ ದೇವರಕೋಣೆಯ ಪಕ್ಕದ ಚಿಕ್ಕ ಖೋಲಿಗೆ ಸಾಗಿಸಿ, ಪರದೆಯ ಬೆನ್ನು ಬಾಗಿಲ ಕಡೆ ಬರುವಂತೆ ತಿರುಗಿಸಿಟ್ಟರು. ಬಾಗಿಲಿನಿಂದ ನಮ್ಮ ಮಗಳಿಗೆ ಏನೂ ಕಾಣದಂತೆ.

ಬ್ಲಾಗಿನ ತಲೆಯ ಮೇಲೆ, ಲೇಖನಕ್ಕಿಂತ ದೊಡ್ಡ ಅಕ್ಷರದಲ್ಲಿ, ಎರಡು ಸಾಲು ಬರೆದೆ. “ನಾನು ಉತ್ತರ ಕೊಟ್ಟಿಲ್ಲ ಎಂದರೆ ಹೂಂ ಅಂದ ಹಾಗಲ್ಲ, ನಿಮ್ಮ ಪತ್ರ ನನಗೆ ಮುಟ್ಟಿಲ್ಲ ಎಂದು ತಿಳಿಯಿರಿ. ಗುಳಿಗೆ ಬಿಡಬೇಡಿ, ಡಾಕ್ಟರರ ಹತ್ತಿರ ಹೋಗಿ.” ಅದನ್ನೇ ಆಪಾ ದೊಡ್ಡದಾಗಿ ಪ್ರಿಂಟ್ ತೆಗೆದು ಝೆರಾಕ್ಸ್ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದರು. ಅಬ್ಬಾನ ನಮಸ್ಕಾರವನ್ನು ಮತ್ತೆ ಹಾಕಬಹುದೋ ಎಂದು ಕೇಳಿದರು. ಹಾಕ್ರಿ ಎಂದೆ.

ಅಂದಿನಿಂದ ಮಗಳು ಸಾಲಿಗೆ ಹೋದ ಮೇಲೆ, ಕಸ ಹೊಡೆಯುವ ಮೊದಲು, ಆ ಖೋಲಿಯಲ್ಲಿ ಕೂತುಕೊಳ್ಳುತ್ತೇನೆ. ಇದು ಅಭ್ಯಾಸವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಣ್ಣಿನ ದೇಹದ ಬಗ್ಗೆ ಮನುಷ್ಯರು ಎಂಥೆಂಥ ಮಾತು ಬರೆಯಬಲ್ಲರು ಎಂಬುದು ಈಗ ನನಗೆ ಗೊತ್ತು. ಓದಿ ಎದ್ದ ಮೇಲೆ ಕೈ ತೊಳೆಯುತ್ತೇನೆ, ಅರ್ಥವಿಲ್ಲದಿದ್ದರೂ. ಅವಸರ ಮಾಡುವ ಹಾಗಿಲ್ಲ. ಕಣ್ಣು ಹಾರಿಸಿದರೆ ನಾನೂ ಫಿಲ್ಟರೇ ಆಗುತ್ತೇನೆ. ಒಂದು ಪುಟ ಹೊಲಸಾದ ಮೇಲೆ ಯಾವಾಗಲೋ ಒಂದು ‘ಶಿರಸಾಷ್ಟಾಂಗ’ ಬರುತ್ತದೆ. ಅಲ್ಲಿ ನಿಲ್ಲುತ್ತೇನೆ. ಗೊತ್ತಿದ್ದರೆ ಬರೆಯುತ್ತೇನೆ, ಇಲ್ಲದಿದ್ದರೆ ‘ಮುಟ್ಟಿತು, ಡಾಕ್ಟರರನ್ನು ಕೇಳಿ ತಿಳಿಸುತ್ತೇನೆ’ ಎಂದಾದರೂ ಅದೇ ದಿನ ಬರೆಯುತ್ತೇನೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಆಪಾನ ಅಂಗಡಿಯಿಂದ ಒಂದು ಕಮೆಂಟು ಬಂತು.

“ಅಕ್ಕಾವರ ಚರಣಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಅತ್ತ ತಮ್ಮೆಲ್ಲರ ಕ್ಷೇಮಕ್ಕೆ ಉತ್ತರ ಬರೆಯುತ್ತಿರಬೇಕು. ತರುವಾಯ, ನಾನು ಹೆಬ್ಬಳ್ಳಿಯ ತಾಯಿ. ಮಗಳು ಗೋಡೆ ಹಿಡಿದು ನಡೆಯುತ್ತಾಳೆ. ಗುಳಿಗೆ ತಪ್ಪಿಸಿಲ್ಲ. 'ಅವ್ವಾ' ಅನ್ನುವುದಿಲ್ಲ. ಮಾತು ಬರಲು ಏನು ಮಾಡಬೇಕು, ತಿಳಿಸಬೇಕು.”

ಮತ್ತೊಮ್ಮೆ ಓದಿದೆ. ನಮಸ್ಕಾರದ ನಂತರದ ‘ಇತ್ತ ಎಲ್ಲರೂ ಕ್ಷೇಮ’ ಎಂಬ ಸಾಲು ಇರಲಿಲ್ಲ. ಅಂಗಡಿಗೆ ಫೋನು ಹಚ್ಚಿದೆ.

“ಹೌದ್ರಿ,” ಎಂದರು ಆಪಾ. “ನಾ ದಿನದಂಗ ಅಂಟಿಸಿದ್ನಿ. ಓದಿ ಹೇಳಿದ್ನಿ. ಆ ಒಂದು ಸಾಲು ತೆಗೀರಿ ಅಂದ್ಲು. ತೆಗದ್ನಿ.”

ಅವಳ ಪ್ರಶ್ನೆ ಡಾಕ್ಟರರಿಗೇ ಕೇಳಬೇಕಾದದ್ದು. ಫೋನಿಟ್ಟು, ಮೊದಲು ‘ನಿಮ್ಮ ಪತ್ರ ಮುಟ್ಟಿತು’ ಎಂದು ಬರೆದೆ.